ಅಕ್ಕೋರಿಗೊಂದು ಪ್ರಶ್ನೆ: ನಮ್ಮ ಹಬ್ಬ ಯಾವುದು?

ಪ್ರಶ್ನೆ: ಅಕ್ಕೋರೆ, ನಾವು ಗದಗ ಕಡೆಯವರು. 12 ವರ್ಷದಿಂದ ವಾಸ್ಕೋದಲ್ಲಿದ್ದೇವೆ. ಮಗ ಆರನೇ ಇಯತ್ತೆ. "ಅವ್ವಾ, ಸಾಲಿಯೊಳಗ ಆಗಸ್ಟ್ 15ಕ್ಕೂ ಝಂಡಾ ಹಾರಸ್ತಾರ, ಡಿಸೆಂಬರ್ 19ಕ್ಕೂ ಹಾರಸ್ತಾರ. ನಮ್ಮ ಹಬ್ಬ ಯಾವುದು?" ಎಂದು ಕೇಳಿದ. ಡಿಸೆಂಬರಿನದು ಗೋವಾ ಬಿಡುಗಡೆಯಾದ ದಿನ, ಗೋವಾದವರ ಹಬ್ಬ, ನಾವು ದುಡಿಯೋಕೆ ಬಂದವರು ಎಂದುಬಿಟ್ಟೆ. ಆಮೇಲೆ ಮನಸ್ಸಿಗೆ ಸರಿ ಬರಲಿಲ್ಲ. ಇನ್ನೊಂದು, ಅವನು ತಂದ ಕಾಗದದ ಬಾವುಟ ಹರಿದಿದೆ. ಕಸಕ್ಕೆ ಹಾಕಲು ಕೈ ಬರುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ವಾಸ್ಕೋ

ಉತ್ತರ: ತಂಗೀ, ಎರಡೂ ನಿಮ್ಮ ಹಬ್ಬಗಳೇ. ಮಗನಿಗೆ ಇವತ್ತೇ ಹೇಳಿಬಿಡಿ.

ನಾನು ಹುಟ್ಟಿದ್ದು ಲೋಂಡಾದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗ್ಯಾಂಗ್‌ಮನ್ ಆಗಿದ್ದರು. 1961ರಲ್ಲಿ ನನಗೆ ಏಳು ವರ್ಷ. ಮಳೆಗಾಲ ಮುಗಿದ ಮೇಲೆ ಒಂದು ದಿನ ಅಪ್ಪನ ಜೊತೆ ಗೋವಾ ಗಡಿಯ ಕ್ಯಾಸಲ್‌ರಾಕ್‌ಗೆ ಹೋಗಿದ್ದೆ. ದಿನಾ ರೈಲು ಓಡುವ ಹಳಿ ಹೇಗೆ ಮಿರಮಿರ ಮಿಂಚುತ್ತದೆ, ನೋಡಿದ್ದೀರಿ ಅಲ್ವಾ? ಸ್ಟೇಶನ್ ದಾಟಿ ಘಟ್ಟ ಇಳಿಯುವ ಹಳಿ ಹಾಗಿರಲಿಲ್ಲ. ಮೇಲೆಲ್ಲ ಕೆಂಪು ತುಕ್ಕು, ನಡುವೆ ಹುಲ್ಲು. ಮುಟ್ಟಿದೆ. ಬೆರಳಿಗೆ ಕುಂಕುಮದ ಹಾಗೆ ಮೆತ್ತಿಕೊಂಡಿತು. "ಆ ಕಡೆ ಇನ್ನೂ ಪೋರ್ಚುಗೀಸರ ರಾಜ್ಯ ಐತವಾ, ರೈಲು ಹೋಗೂದಿಲ್ಲ" ಅಂದರು ಅಪ್ಪ. 1955ರಲ್ಲಿ ನಮ್ಮ ಸರಕಾರ ಗೋವಾದ ಮೇಲೆ ದಿಗ್ಬಂಧನ ಹಾಕಿದಾಗ ನಿಂತಿದ್ದ ರೈಲು ಅದು. ನಮಗೆ ಸ್ವಾತಂತ್ರ್ಯ ಬಂದು 14 ವರ್ಷ ಕಳೆದಿತ್ತು. ಘಟ್ಟದ ಕೆಳಗಿನವರಿಗೆ ಇನ್ನೂ ಬಂದಿರಲಿಲ್ಲ.

ಆದರೆ ಆ 14 ವರ್ಷ ಈ ಕಡೆಯವರು ಸುಮ್ನೆ ಕೂತಿರಲಿಲ್ಲ. 1955ರ ಆಗಸ್ಟ್ 15ರಂದೇ ದೇಶದ ಬೇರೆ ಬೇರೆ ಕಡೆಯ ಸತ್ಯಾಗ್ರಹಿಗಳು ಗಡಿ ದಾಟಿ ಗೋವಾದೊಳಗೆ ನಡೆದರು. ಕೈಯಲ್ಲಿ ಬಾವುಟ ಬಿಟ್ಟರೆ ಬೇರೇನೂ ಇರಲಿಲ್ಲ. ಪೋರ್ಚುಗೀಸರ ಗುಂಡಿಗೆ 20ಕ್ಕೂ ಹೆಚ್ಚು ಜನ ಸತ್ತರು. ಅವರ ಊರಿಗೆ ಸ್ವಾತಂತ್ರ್ಯ ಬಂದಾಗಿತ್ತು. ಮನೆಯಲ್ಲೇ ಇದ್ದು ಪೇಢೆ ಹಂಚಬಹುದಿತ್ತು. ನಮಗೆ ಸಿಕ್ಕಿದ್ದು ಪಕ್ಕದವರಿಗೂ ಸಿಗಲಿ ಎಂದು ಹೊರಟರು. ಆಗಸ್ಟ್ 15 ಅಂದರೆ ನನಗೆ ಮೊದಲು ನೆನಪಾಗುವವರು ಅವರೇ.

ದುಡಿಯಲು ಬಂದವರು ಅಂದಿರಿ. ಸಾಂಗ್ಲಿಯಲ್ಲಿ ಹುಟ್ಟಿದ ಮೋಹನ ರಾನಡೆ ಕೂಡ ಗೋವಾದಲ್ಲಿ ಶಾಲಾ ಮಾಸ್ತರರಾಗಿದ್ದವರು. ಗೋವಾದ ಬಿಡುಗಡೆಗೆ ಹೋರಾಡುತ್ತ 1955ರಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕಿಬಿದ್ದರು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ರಾನಡೆ ಮಾತ್ರ ಪೋರ್ಚುಗಲ್‌ನ ಜೈಲಿನಲ್ಲೇ ಉಳಿದರು. ಹೊರಗೆ ಬಂದದ್ದು 1969ರಲ್ಲಿ.

ಕ್ಯಾಸಲ್‌ರಾಕ್‌ನ ಇನ್ನೊಂದು ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾನು ಆ ತುಕ್ಕು ಮುಟ್ಟಿದ ಕಾಲಕ್ಕೆ ಅಲ್ಲಿಯ ಕಾಡಿನಲ್ಲಿ ಒಂದು ಗುಪ್ತ ರೇಡಿಯೋ ನಡೆಯುತ್ತಿತ್ತು. ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ನಡೆಸುತ್ತಿದ್ದರು. 1955ರ ನವೆಂಬರಿನಲ್ಲಿ ಅಂಬೋಲಿ ಘಟ್ಟದಲ್ಲಿ ಶುರುವಾಗಿ, ಆಮೇಲೆ ಇಲ್ಲಿಗೆ ಬಂತು. ಗೋವಾದವರಿಗೆ ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ ಸುದ್ದಿ ಮುಟ್ಟಿಸುವುದೇ ಅದರ ಕೆಲಸ. ಬಿಡುಗಡೆಯ ದಿನ ಲಿಬಿಯಾ ವಿಮಾನ ಹತ್ತಿ, ಗೋವಾದ ಮೇಲೆ ಹಾರುತ್ತ ಧ್ವನಿವರ್ಧಕದಲ್ಲಿ ಆ ಸುದ್ದಿ ಸಾರಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನೂರು ವರ್ಷ ವಯಸ್ಸು. ಅವತ್ತು ಪೇಪರ್ ಹಿಡಿದುಕೊಂಡು ಅತ್ತುಬಿಟ್ಟೆ. ಗೋವಾದವರ ಸ್ವಾತಂತ್ರ್ಯದ ಮಾತು ನಮ್ಮ ಕಾಡಿನಿಂದ ಹೊರಟಿತ್ತಲ್ಲ ತಂಗೀ, ಡಿಸೆಂಬರ್ 19 ಬರೀ ಅವರ ಹಬ್ಬ ಹೇಗಾಗುತ್ತದೆ?

ಊರಿಗೆ ಹೋಗುವಾಗ ನಿಮ್ಮ ರೈಲು ಘಟ್ಟ ಹತ್ತಿ ಕ್ಯಾಸಲ್‌ರಾಕ್‌ಗೇ ಬರುತ್ತದೆ. ಮಗನನ್ನು ಕಿಟಕಿ ಹತ್ತಿರ ಕೂರಿಸಿ. ಪಕ್ಕದ ಹಳಿ ತೋರಿಸಿ, ಇದಿಷ್ಟೂ ಹೇಳಿ.

ಇನ್ನು ಬಾವುಟ. ಕಸಕ್ಕೆ ಖಂಡಿತ ಬೇಡ. ಕಾಗದದ್ದಾದರೂ ನೆಲಕ್ಕೆ ಎಸೆಯಬಾರದು, ನಾಲ್ಕು ಜನರ ಎದುರಲ್ಲದೆ ಮರ್ಯಾದೆಯಿಂದ ವಿಲೇವಾರಿ ಮಾಡಬೇಕು ಎನ್ನುತ್ತದೆ ಧ್ವಜ ಸಂಹಿತೆ. ನಾನು ಹಿತ್ತಲಿನಲ್ಲಿ ಮಣ್ಣಿನ ಕುಡಿಕೆಯೊಳಗೆ ಇಟ್ಟು ಸುಡುತ್ತೇನೆ. ಬೂದಿ ದಾಸವಾಳದ ಬುಡಕ್ಕೆ ಹಾಕುತ್ತೇನೆ. ಮಗನೂ ಪಕ್ಕದಲ್ಲಿರಲಿ.