ಮೂರು 'ಆದರೆ'ಗಳಿದ್ದ ಕ್ಷಮೆಯ ಚೀಟಿ

ನನ್ನ ಬಳಿ ಸಲಹೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅವರಿಗೆ ನಲವತ್ತರ ಆಸುಪಾಸು. ನಿದ್ದೆ ಬರುತ್ತಿಲ್ಲ ಎಂದು ಬಂದರು. ಕೆಲಸದ ಒತ್ತಡ, ಬೆನ್ನುನೋವು ಎಂದು ಮೊದಲ ಭೇಟಿ ಪೂರ್ತಿ ಕಳೆಯಿತು. ಹೊರಡುವಾಗ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, "ಮೇಡಂ, ಇನ್ನೊಂದು ವಿಷಯ" ಎಂದರು. ಎಷ್ಟೋ ಸಲ ಬಾಗಿಲ ಬಳಿ ಬರುವ ಮಾತೇ ಅಸಲಿ ಮಾತು. ಮತ್ತೆ ಕೂರಿಸಿದೆ.

ಆಫೀಸಿನ ತಿಂಗಳ ವರದಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಮ್ಯಾನೇಜರ್ ಕೇಳಿದಾಗ ಇವರು, "ನಾನು ಕಳಿಸುವಾಗ ಸರಿಯಾಗಿಯೇ ಇತ್ತು ಸರ್" ಎಂದರು. ಹಾಗೆಂದೇ ನಂಬಿದ್ದರು. ಇವರ ನಂತರ ಆ ಫೈಲ್ ಮುಟ್ಟಿದವನು ಹೊಸದಾಗಿ ಸೇರಿದ ಹುಡುಗ ಒಬ್ಬನೇ. ಬೈಸಿಕೊಂಡವನೂ ಅವನೇ. ಸಂಜೆ ಇವರು ತಾವು ಕಳಿಸಿದ್ದ ಮೇಲ್ ತೆರೆದು ನೋಡಿದರೆ ಆ ಸಾಲು ಅದರಲ್ಲೇ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋದರು. ಅದಾಗಿ ಮೂರು ವಾರ.

"ಬೇಕಂತ ಸುಳ್ಳು ಹೇಳಿದ್ದಲ್ಲವಲ್ಲ ಮೇಡಂ?"

"ಬೆಳಿಗ್ಗೆ ಹೇಳಿದ್ದು ಸುಳ್ಳಲ್ಲ. ಸಂಜೆ ನೋಡಿದ ಮೇಲೂ ಸುಮ್ಮನಿದ್ದೀರಲ್ಲ, ಆಗ ಅದು ಸುಳ್ಳಾಯಿತು" ಎಂದೆ. ಕಟುವಾಯಿತೇನೋ. ಆದರೆ ಅವರು ಬಂದದ್ದು ಯಾರಾದರೂ ಇದನ್ನು ಹೇಳಲಿ ಎಂದೇ.

ಎರಡನೇ ಭೇಟಿಯಲ್ಲಿ ಮಾತೆಲ್ಲ ಹುಡುಗನ ಮೇಲೆ ತಿರುಗಿತು. ಅವನು ತಡವಾಗಿ ಬರುತ್ತಾನೆ, ಗಮನ ಸಾಲದು. "ಒಂದು ತಿಂಗಳ ಹಿಂದೆಯೂ ಹೀಗೇ ಅನ್ನಿಸುತ್ತಿತ್ತಾ?" ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ "ಇಲ್ಲ" ಎಂದರು. ನಮ್ಮ ನಡತೆಗೂ ನಮ್ಮ ಬಗ್ಗೆ ನಾವೇ ಇಟ್ಟುಕೊಂಡ ನಂಬಿಕೆಗೂ ಹೊಂದದಿದ್ದರೆ ಮನಸ್ಸು ಚಡಪಡಿಸುತ್ತದೆ, ಎಷ್ಟೋ ಸಲ ನಡತೆ ತಿದ್ದುವ ಬದಲು ಅದಕ್ಕೊಂದು ಸಮರ್ಥನೆ ಹೆಣೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲೇ ಇದನ್ನು ವಿವರಿಸಿದ್ದರು. ನಾವು ಅನ್ಯಾಯ ಮಾಡಿದವರಲ್ಲೇ ನಮಗೆ ತಪ್ಪು ಕಾಣತೊಡಗುವುದೂ ಹೀಗೆಯೇ. ನನ್ನನ್ನು ಹೆಚ್ಚು ಕಾಡಿದ್ದು ಇದು. ಇನ್ನಾರು ತಿಂಗಳು ಕಳೆದಿದ್ದರೆ ಆ ಹುಡುಗ ನಿಜಕ್ಕೂ ಕೆಲಸಗಳ್ಳನೆಂದು ಇವರು ನಂಬಿಬಿಡುತ್ತಿದ್ದರು.

ಹೇಳಬೇಕು ಎಂಬುದನ್ನು ಅವರೇ ನಿರ್ಧರಿಸಿದರು. ಹೇಗೆ ಎಂಬುದಕ್ಕೆ ಮಾತ್ರ ನನ್ನ ಸಲಹೆ. ಮೊದಲು ಬರೆದು ತನ್ನಿ ಎಂದೆ. ನಾಲ್ಕಾಗಿ ಮಡಚಿದ ಚೀಟಿಯೊಂದನ್ನು ಜೇಬಿನಿಂದ ತೆಗೆದರು. ಏಳು ಸಾಲು, ಅದರಲ್ಲಿ ಮೂರು 'ಆದರೆ'. "ಆ ಸಾಲು ಬಿಟ್ಟದ್ದು ನಾನು, ಆದರೆ ಆ ದಿನ ಕೆಲಸ ಜಾಸ್ತಿ ಇತ್ತು..." ಪೆನ್ನು ಕೊಟ್ಟು, 'ಆದರೆ' ಮತ್ತು ಅದರ ನಂತರ ಬಂದ ಮಾತುಗಳನ್ನೆಲ್ಲ ಹೊಡೆದುಹಾಕಲು ಹೇಳಿದೆ. ಉಳಿದದ್ದು ಎರಡು ಸಾಲು: "ಆ ಸಾಲು ಬಿಟ್ಟದ್ದು ನಾನು. ಗೊತ್ತಾದ ಮೇಲೂ ಸುಮ್ಮನಿದ್ದು ನಿನ್ನನ್ನು ಬೈಸಿಕೊಳ್ಳಲು ಬಿಟ್ಟೆ."

ಮೊದಲು ಯಾರಿಗೆ? ಮ್ಯಾನೇಜರ್‌ಗೆ ಎಂದುಕೊಂಡಿದ್ದರು. ಹುಡುಗನಿಗೆ ಎಂದೆ, ಏಕೆಂದರೆ ನೋವಾದದ್ದು ಅವನಿಗೆ. ಆದರೆ ಅದೇ ದಿನ ಮ್ಯಾನೇಜರ್‌ಗೂ ತಿಳಿಯಬೇಕು. ಗುಟ್ಟಾಗಿ ಕ್ಷಮೆ ಕೇಳಿ ಮುಗಿಸಿದರೆ ಅವನ ಮೇಲಿನ ಆರೋಪ ಹಾಗೇ ಉಳಿಯುತ್ತದೆ. ಎಲ್ಲರ ಮುಂದೆ ಬೈಸಿಕೊಂಡಿದ್ದರೆ, ಎಲ್ಲರಿಗೂ ಗೊತ್ತಾಗುವಂತೆಯೇ ಸರಿಯಾಗಬೇಕು.

ಎರಡು ವಾರ ಬಿಟ್ಟು ಬಂದರು. ಹುಡುಗ "ಸರಿ ಸರ್" ಎಂದಷ್ಟೇ ಹೇಳಿ ಎದ್ದುಹೋದನಂತೆ. ಮ್ಯಾನೇಜರ್ ಇಡೀ ಟೀಮಿಗೆ ಮೇಲ್ ಕಳಿಸಿ ತಪ್ಪು ಯಾರದ್ದೆಂದು ತಿಳಿಸಿದರು, ಇವರಿಗೊಂದು ಎಚ್ಚರಿಕೆ ಪತ್ರವನ್ನೂ ಕೊಟ್ಟರು. ನಿದ್ದೆ ಪರವಾಗಿಲ್ಲ, ಪೂರ್ತಿ ಸರಿಹೋಗಿಲ್ಲ.

"ಅವನು ಮೊದಲಿನ ಹಾಗೆ ಮಾತಾಡಲ್ಲ ಮೇಡಂ. ಇನ್ನೊಂದು ಸಲ ಸಾರಿ ಕೇಳಲಾ?"

"ಬೇಡ. ಮೊದಲ ಸಲ ಕೇಳಿದ್ದು ಅವನಿಗಾಗಿ. ಈಗ ಕೇಳಿದರೆ ನಿಮ್ಮ ಸಮಾಧಾನಕ್ಕಾಗಿ. ಅವನು ಮಾತಾಡುವುದಾದರೆ ಅವನಾಗಿಯೇ ಮಾತಾಡಲಿ."

ತಲೆಯಾಡಿಸಿದರು. ಈ ಸಲ ಬಾಗಿಲ ಬಳಿ ನಿಲ್ಲಲಿಲ್ಲ.