ಅಡಿಕೆ ಸೋಗೆಯ ಹಿಂದೆ ಸಿಕ್ಕಿಕೊಂಡ ಚಂದನ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಎಂಟು ವರ್ಷದ ಹಿಂದೆ ಡಿಡಿ ಫ್ರೀ ಡಿಶ್ ಹಾಕಿಸಿದ್ದೆವು. ಈಗ ಚಳಿಗಾಲದಲ್ಲಿ ಬೆಳಿಗ್ಗೆ ಚಂದನ ಹಾಕಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹತ್ತು ಗಂಟೆ ಮೇಲೆ ತಾನಾಗಿಯೇ ಸರಿಯಾಗುತ್ತದೆ. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ, ಅದೇ ಎಲ್‌ಎನ್‌ಬಿ, ಎರಡು ಸಲ ಬದಲಾಯಿಸಿದ್ದಾಯ್ತು. ಅಪ್ಪ ಹಾಕಿಸಿದ ಹಳೇ ಅಂಟೆನಾ ಹೆಂಚಿನ ಮೇಲೆ ಇನ್ನೂ ಇದೆ. ಅದಕ್ಕೇ ವೈರ್ ಕೊಟ್ಟರೆ ಚಂದನ ಬರುತ್ತದೆಯೇ ಸಾರ್?

ಉತ್ತರ: ಬರುವುದಿಲ್ಲ. ಆ ಅಂಟೆನಾಕ್ಕೆ ಸಿಗ್ನಲ್ ಕೊಡುತ್ತಿದ್ದ ದೂರದರ್ಶನದ ಹಳೇ ಪ್ರಸಾರ ಕೇಂದ್ರಗಳು ಬಹುತೇಕ ಎಲ್ಲವೂ 2022ರ ಹೊತ್ತಿಗೆ ಮುಚ್ಚಿದವು. ಬಟ್ಟೆ ಒಣಗಿಸುವುದಕ್ಕೆ ಬೇಕಾದರೆ ಇಟ್ಟುಕೊಳ್ಳಿ.

ಆದರೆ ಆ ಅಂಟೆನಾ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ನಾನು ರಿಪೇರಿ ಅಂಗಡಿ ತೆರೆದ ಕಾಲದಲ್ಲಿ ಸಣ್ಣ ಕೇಂದ್ರಗಳು 100 ವ್ಯಾಟಿನವು. ಅಷ್ಟರಲ್ಲಿ ಪೇಟೆಗೆ ಚೆನ್ನಾಗಿ ಬರುತ್ತಿತ್ತು, ಗುಡ್ಡ ದಾಟಿದರೆ ಬರೀ ಚುಕ್ಕೆ. ಕಣಿವೆಯ ಒಂದು ಮನೆಯಲ್ಲಿ ಅಂಟೆನಾವನ್ನು ಟವರಿನ ಕಡೆ ತಿರುಗಿಸಿದರೆ ಏನೂ ಇಲ್ಲ. ನಾನು ಹೆಂಚಿನ ಮೇಲೆ, ಮನೆಯವರು ಒಳಗೆ. "ಬಂತಾ?" "ಇಲ್ಲ." "ಈಗ?" "ಇಲ್ಲ." ಸಾಕಾಗಿ ಎದುರಿನ ಬೋಳು ಗುಡ್ಡದ ಕಡೆ ತಿರುಗಿಸಿದೆ, ಒಳಗಿನಿಂದ "ಬಂತು!" ಅಂತ ಕೂಗು. ಗುಡ್ಡಕ್ಕೆ ಬಡಿದು ವಾಪಸ್ ಬಂದ ಸಿಗ್ನಲ್ ಅದು. ವಾರ್ತೆ ಓದುವವರಿಗೆ ಎರಡೆರಡು ಮೂಗು ಕಾಣಿಸುತ್ತಿತ್ತು. ಆ ಮನೆಯವರು ವರ್ಷಗಟ್ಟಲೆ ಹಾಗೇ ನೋಡಿದರು.

ನಿಮ್ಮ ತೊಂದರೆಗೆ ಬರೋಣ. ಬೆಳಿಗ್ಗೆ ಕೆಟ್ಟು, ಬಿಸಿಲೇರಿದ ಮೇಲೆ ಸರಿಯಾಗುತ್ತದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಎಲ್‌ಎನ್‌ಬಿ ಕೆಟ್ಟಿದ್ದರೆ ಹೀಗೆ ಗಂಟೆ ನೋಡಿಕೊಂಡು ಸರಿಯಾಗುವುದು ಅಪರೂಪ. ನಿಮ್ಮ ಡಿಶ್ ಎದುರು ತೋಟ ಇದೆ ಅಲ್ವಾ? ಎಂಟು ವರ್ಷದಲ್ಲಿ ಅಡಿಕೆ ಮರ ಎಷ್ಟು ಎತ್ತರ ಆಗಿರಬೇಕು ಲೆಕ್ಕ ಹಾಕಿ. ಒಣ ಸೋಗೆಯ ಸಂದಿಯಲ್ಲಿ ಸಿಗ್ನಲ್ ಹೇಗೋ ನುಸುಳುತ್ತದೆ. ಇಬ್ಬನಿಗೆ ಒದ್ದೆಯಾದ ಸೋಗೆ ಅದನ್ನು ಕುಡಿದುಬಿಡುತ್ತದೆ. ಬಿಸಿಲು ಬಿದ್ದು ಸೋಗೆ ಒಣಗಿತು, ಚಂದನ ಬಂತು.

"ಡಿಶ್ ನೇರಕ್ಕೆ ಮರ ಇಲ್ಲವಲ್ಲ" ಅಂತ ನೀವು ಹೇಳಬಹುದು. ಡಿಶ್ ಮುಖ ಮಾಡಿದ ಕಡೆ ನೋಡಬೇಡಿ, ಅದು ಮೋಸ. ಈ ಡಿಶ್‌ಗಳ ರಚನೆಯೇ ಹಾಗೆ. ಮುಖ ಕಾಣುವುದಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ ಸಿಗ್ನಲ್ ಇಳಿಯುತ್ತದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಿಮ್ಮ ಕಡೆಯಿಂದ ಅದು ಆಗ್ನೇಯಕ್ಕೆ, ಅಂದರೆ ವಾಸ್ತುವಿನವರು ಅಡುಗೆಮನೆ ಇರಲಿ ಅನ್ನುವ ಮೂಲೆಗೆ, 63 ಡಿಗ್ರಿ ಎತ್ತರದಲ್ಲಿ. ಡಿಶ್ ಪಕ್ಕ ನಿಂತು ಒಂದು ಕೋಲು ಹಿಡಿಯಿರಿ: ಒಂದು ಅಡಿ ಮುಂದೆ ಹೋದರೆ ಎರಡು ಅಡಿ ಮೇಲೇರುವ ಹಾಗೆ. ಕೋಲಿನ ಗುಂಟ ಕಣ್ಣು ಹಾಯಿಸಿ. ಬರೀ ಆಕಾಶ ಕಾಣಬೇಕು. ಸೋಗೆ ಕಂಡರೆ ಕಳ್ಳ ಸಿಕ್ಕ ಹಾಗೆ. ಮರ ಡಿಶ್‌ನಿಂದ 20 ಅಡಿ ದೂರ ಇದ್ದರೆ, ಡಿಶ್‌ಗಿಂತ 40 ಅಡಿ ಮೇಲೆ ಹೋದಾಗ ಅಡ್ಡ ಬರುತ್ತದೆ.

ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಹೇಳಿ ಸೋಗೆ ಕಡಿಸಲು ಹೋಗಬೇಡಿ. ಫಸಲು ಕೊಡುವ ಮರ, ಸೋಗೆಯೂ ಮತ್ತೆ ಬರುತ್ತದೆ. ಡಿಶ್ಶನ್ನೇ ಅಂಗಳದ ಇನ್ನೊಂದು ತುದಿಗೆ ಸರಿಸಿ. ಕೂರಿಸುವಾಗ ಟಿವಿಯಲ್ಲಿ ಎರಡು ಪಟ್ಟಿ ಕಾಣುತ್ತವೆ. 'ಸ್ಟ್ರೆಂತ್' ಪಟ್ಟಿ ಡಿಶ್ ಗೋಡೆಗೆ ಮುಖ ಮಾಡಿದ್ದರೂ ಅಷ್ಟಿಷ್ಟು ಏರುತ್ತದೆ. 'ಕ್ವಾಲಿಟಿ' ಪಟ್ಟಿ ನೋಡಿ ನಟ್ಟು ಬಿಗಿ ಮಾಡಿಸಿ. ಜೋರು ಮಳೆಯಲ್ಲಿ ಐದು ಹತ್ತು ನಿಮಿಷ ಹೋಗುವುದು ಮಾತ್ರ ತಪ್ಪುವುದಿಲ್ಲ. ಅದಕ್ಕೆ ಮೆಕ್ಯಾನಿಕ್‌ನ ಬೈಯಬೇಡಿ.

ಪ್ರಶ್ನೆ: ಮಾರಿಜಾತ್ರೆ ಲೈವ್ ಅತ್ತೆ ಮನೆಯ ಕೇಬಲ್‌ನಲ್ಲಿ ಲೋಕಲ್ ಚಾನೆಲ್‌ನಲ್ಲಿ ಬಂತು. ನಮ್ಮ ಡಿಶ್‌ನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಯಾಕೆ?

ಉತ್ತರ: ಆ ಚಾನೆಲ್ ಆಕಾಶಕ್ಕೆ ಹೋಗುವುದೇ ಇಲ್ಲ ತಾಯಿ. ಜಾತ್ರೆಯ ಕ್ಯಾಮೆರಾದಿಂದ ಕೇಬಲ್‌ನವರ ಕಂಟ್ರೋಲ್ ರೂಮಿಗೆ, ಅಲ್ಲಿಂದ ಕಂಬದಿಂದ ಕಂಬಕ್ಕೆ. ಅವರ ವೈರ್ ಎಲ್ಲಿ ಮುಗಿಯುತ್ತದೋ ಚಾನೆಲ್ ಕೂಡ ಅಲ್ಲಿಗೇ ಮುಗಿಯಿತು. ನಿಮ್ಮ ಬೀದಿಗೆ ಅವರ ವೈರ್ ಬಂದಿದ್ದರೆ ಕನೆಕ್ಷನ್ ತಗೊಳ್ಳಿ. ಇಲ್ಲದಿದ್ದರೆ ಮುಂದಿನ ಜಾತ್ರೆಗೂ ಅತ್ತೆ ಮನೆಯೇ.