ಆಮ್ಲಜನಕ ನಿಜಕ್ಕೂ ಆಮ್ಲದ ಜನಕನೇ?

ಪ್ರಶ್ನೆ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಆದರೂ ಆಕ್ಸಿಜನ್ನಿಗೆ ‘ಆಮ್ಲಜನಕ’ ಎನ್ನುತ್ತೇವೆ. ಇದು ಅನುವಾದಕರ ತಪ್ಪೇ?

ಉತ್ತರ: ಅನುವಾದ ಸರಿಯಾಗಿಯೇ ಇದೆ, ತಪ್ಪಿರುವುದು ಮೂಲ ಹೆಸರಿನಲ್ಲಿ. ಗಂಧಕವನ್ನೋ ರಂಜಕವನ್ನೋ ಈ ಅನಿಲದಲ್ಲಿ ಸುಟ್ಟು, ಬಂದ ವಸ್ತುವನ್ನು ನೀರಿನಲ್ಲಿ ಕರಗಿಸಿದರೆ ಆಮ್ಲ ಸಿಗುತ್ತದೆ. ಇದನ್ನು ಕಂಡ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ, ಎಲ್ಲ ಆಮ್ಲಗಳ ಹುಳಿಗೂ ಇದೇ ಕಾರಣವೆಂದು ತೀರ್ಮಾನಿಸಿದ. 1787ರಲ್ಲಿ ಸಂಗಡಿಗರೊಂದಿಗೆ ಹೊರತಂದ ರಾಸಾಯನಿಕ ನಾಮಕರಣ ಪದ್ಧತಿಯಲ್ಲಿ ‘ಆಕ್ಸಿಜನ್’ ನೆಲೆಯೂರಿತು.

ಗ್ರೀಕಿನಲ್ಲಿ ‘ಒಕ್ಸುಸ್’ ಎಂದರೆ ಚೂಪು, ಹುಳಿ. ಲ್ಯಾಟಿನ್ನಿನ ‘ಅಕಿಡುಸ್’ (ಹುಳಿಯಾದ) ಮತ್ತು ‘ಅಕುಸ್’ (ಸೂಜಿ) ಇದೇ ಬೇರಿನವು. ಆ ಅಕಿಡುಸ್‌ನಿಂದಲೇ ಇಂಗ್ಲಿಷಿನ ‘ಆಸಿಡ್’ ಬಂತು. ನಾಲಿಗೆಗೆ ಚುಚ್ಚುವುದೇ ಹುಳಿ ಎಂಬ ಗ್ರಹಿಕೆ ಎರಡರಲ್ಲೂ ಇದೆ. ‘ಜನ್’ ಭಾಗಕ್ಕೆ ಲವಾಸಿಯೆ ‘ಹುಟ್ಟಿಸು’ ಎಂಬ ಅರ್ಥವಿಟ್ಟುಕೊಂಡ. ಆದರೆ ಗ್ರೀಕ್ ಸಮಾಸಗಳಲ್ಲಿ ‘-ಗೆನೆಸ್’ ಎಂದರೆ ಸಾಮಾನ್ಯವಾಗಿ ‘ಹುಟ್ಟಿದವ’: ಡಯೋಜಿನಿಸ್ ಎಂದರೆ ಜ್ಯೂಸ್ ದೇವನಿಂದ ಹುಟ್ಟಿದವ. ವ್ಯಾಕರಣ ಹಿಡಿದು ನೋಡಿದರೆ ಆಕ್ಸಿಜನ್ ‘ಆಮ್ಲಜನಕ’ ಅಲ್ಲ, ‘ಆಮ್ಲಜಾತ’! ಗ್ರೀಕಿನ ಈ ‘ಗೆನ್’ ಮತ್ತು ಸಂಸ್ಕೃತದ ‘ಜನ್’ ಧಾತು ಒಂದೇ ಬೇರಿನವು. ಕನ್ನಡದ ಹೆಸರು ಅಷ್ಟು ಸಹಜವಾಗಿ ಹೊಂದಿಕೊಂಡಿರುವುದು ಅದಕ್ಕೇ.

ಲವಾಸಿಯೆಯ ತೀರ್ಮಾನ ಕುಸಿದದ್ದು ನೀವು ಹೇಳಿದ ಆಮ್ಲದಿಂದಲೇ. ಅದರಿಂದ ಸಿಗುವ ಹಸಿರು ಅನಿಲದಲ್ಲಿ ಆಕ್ಸಿಜನ್ ಅಡಗಿದೆ ಎಂದು ಆಗ ನಂಬಿದ್ದರು. ಇಂಗ್ಲಿಷ್ ರಸಾಯನವಿಜ್ಞಾನಿ ಹಂಫ್ರಿ ಡೇವಿ ಆ ಅನಿಲದಲ್ಲಿ ಇದ್ದಿಲನ್ನು ಬೆಳ್ಳಗೆ ಹೊಳೆಯುವಷ್ಟು ಕಾಯಿಸಿ ನೋಡಿದ. ಆಕ್ಸಿಜನ್ ಇದ್ದಿದ್ದರೆ ಅದು ಇಂಗಾಲದೊಂದಿಗೆ ಕೂಡಿ ಬೇರೆ ಅನಿಲವಾಗಬೇಕಿತ್ತು, ಆಗಲಿಲ್ಲ. 1810ರಲ್ಲಿ ಅವನು ಅದನ್ನು ಮೂಲವಸ್ತುವೆಂದೇ ಸಾರಿ, ತಿಳಿಹಸಿರನ್ನು ಸೂಚಿಸುವ ಗ್ರೀಕ್ ‘ಖ್ಲೋರೋಸ್’ನಿಂದ ಕ್ಲೋರಿನ್ ಎಂದು ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲ ನೀರಿನಲ್ಲಿ ಬಿಟ್ಟುಕೊಡುವ ಹೈಡ್ರೋಜನ್ ಅಯಾನುಗಳೇ (ವಿದ್ಯುದಾವೇಶವಿರುವ ಕಣಗಳು) ಅದರ ಹುಳಿಗೆ ಕಾರಣ. ‘ಜಲಜನಕ’ ಮಾತ್ರ ತಕ್ಕ ಹೆಸರು: ಹೈಡ್ರೋಜನ್ ಉರಿದರೆ ನೀರೇ ಆಗುತ್ತದೆ.

ಪ್ರಶ್ನೆ: ನಿಯಾನ್, ಆರ್ಗಾನ್, ಕ್ರಿಪ್ಟಾನ್ ‘-ಆನ್’ ಎಂದು ಮುಗಿಯುತ್ತವೆ. ಅದೇ ಗುಂಪಿನ ಹೀಲಿಯಂ ಏಕೆ ಹಾಗಿಲ್ಲ?

ಉತ್ತರ: 1868ರಲ್ಲಿ ಸೂರ್ಯನ ರೋಹಿತದಲ್ಲಿ (ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣಗಳ ಪಟ್ಟಿ) ಕಂಡ ಅಪರಿಚಿತ ಹಳದಿ ಗೆರೆಯಿಂದ ಇಂಗ್ಲಿಷ್ ಖಗೋಳವಿಜ್ಞಾನಿ ಲಾಕಿಯರ್ ಹೊಸ ಮೂಲವಸ್ತುವೊಂದನ್ನು ಊಹಿಸಿದ. ಗ್ರೀಕಿನ ‘ಹೇಲಿಯೋಸ್’ (ಸೂರ್ಯ) ಪದಕ್ಕೆ ಸೋಡಿಯಂ, ಪೊಟ್ಯಾಸಿಯಂಗಳಂತೆ ಲೋಹಗಳಿಗೆ ಸಲ್ಲುವ ಲ್ಯಾಟಿನ್ ಪ್ರತ್ಯಯ ಸೇರಿತು. 1895ರಲ್ಲಿ ಬ್ರಿಟಿಷ್ ರಸಾಯನವಿಜ್ಞಾನಿ ರಾಮ್ಸೆ ಅದನ್ನು ಭೂಮಿಯ ಖನಿಜದಿಂದ ಅನಿಲವಾಗಿ ಹೊರತೆಗೆಯುವ ಹೊತ್ತಿಗೆ ಹೆಸರು ಬಳಕೆಯಲ್ಲಿ ಊರಿಬಿಟ್ಟಿತ್ತು.